ಕಟು ವಿಮರ್ಶೆಯ ಮೊನಚನ್ನು ಸವಿಯುವ ಬಗೆ

ಚಲನಚಿತ್ರವನ್ನು ಹಳಿಯುವ ವಿಮರ್ಶೆಯನ್ನು ಓದಿ ನಗುವುದು ಸುಲಭ. ಆ ನಗು ಎಲ್ಲಿಂದ ಹುಟ್ಟಿತೆಂದು ಗುರುತಿಸಲು ಅಭ್ಯಾಸ ಬೇಕು. ಕಾಸರಗೋಡಿನ ನಮಗೆ ಆ ಅಭ್ಯಾಸ, ವೇಷ-ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರಗಳನ್ನು ಕಟ್ಟುವ ಯಕ್ಷಗಾನ ಪ್ರಕಾರವಾದ ತಾಳಮದ್ದಲೆಯಿಂದ ಬಂದಿದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಎದುರಾಳಿಯ ಮಾತನ್ನೇ ಹಿಡಿದು ತಿರುಗಿಸಿದಾಗ ಸಭೆ ಮೆಚ್ಚುತ್ತಿದ್ದುದು ಕಟುತ್ವವನ್ನಲ್ಲ, ಉತ್ತರವು ವಾದದ ಒಳಗಿನಿಂದಲೇ ಹುಟ್ಟಿದ ರೀತಿಯನ್ನು. ವಿಮರ್ಶೆಯನ್ನೂ ಅದೇ ಕಿವಿಯಿಂದ ಓದಬೇಕು.

ಮೊದಲು, ಮಾತಿನ ಹಿನ್ನೆಲೆಯನ್ನು ತಿಳಿದುಕೊಳ್ಳಿ. ಷಿಕಾಗೋ ಸನ್-ಟೈಮ್ಸ್ ಪತ್ರಿಕೆಯ ರೋಜರ್ ಈಬರ್ಟ್ (1942–2013) 1975ರಲ್ಲಿ ಅಮೆರಿಕದ ಪ್ರತಿಷ್ಠಿತ ಪತ್ರಿಕೋದ್ಯಮ ಪ್ರಶಸ್ತಿಯಾದ ಪುಲಿಟ್ಜರ್ ಪಡೆದರು; ಅದನ್ನು ಪಡೆದ ಮೊದಲ ಚಲನಚಿತ್ರ ವಿಮರ್ಶಕರು ಅವರೇ. ತಮ್ಮನ್ನು ಟೀಕಿಸಿದ ಬೇರೊಬ್ಬ ಪತ್ರಕರ್ತರಿಗೆ ಪುಲಿಟ್ಜರ್ ಬಂದಿಲ್ಲವೆಂದು ನಟ ರಾಬ್ ಷ್ನೈಡರ್ ಹಂಗಿಸಿದ್ದರು. 2005ರಲ್ಲಿ ಅದೇ ನಟನ ಚಿತ್ರವನ್ನು ವಿಮರ್ಶಿಸಿದ ಈಬರ್ಟ್, ಪುಲಿಟ್ಜರ್ ವಿಜೇತನ ಅಧಿಕೃತ ನೆಲೆಯಲ್ಲಿ ಹೇಳುತ್ತಿದ್ದೇನೆಂದು ಪೀಠಿಕೆ ಹಾಕಿ, ಚಿತ್ರ ಕೆಟ್ಟದ್ದೆಂದು ತೀರ್ಪಿತ್ತರು. ತೀರ್ಪಿನ ಪದಗಳು ತೀರಾ ಸಾಮಾನ್ಯ. ಅವುಗಳಿಗೆ ಬಲ ಬಂದದ್ದು ಅರ್ಹತೆಯ ಅಳತೆಗೋಲನ್ನು ನಟನೇ ನೆಟ್ಟಿದ್ದರಿಂದ.

ಎರಡನೆಯದಾಗಿ, ಏಟು ಕೃತಿಗೆ ಬೀಳುತ್ತದೆಯೋ ವ್ಯಕ್ತಿಗೋ ಎಂದು ನೋಡಿ. 2003ರ ಕಾನ್ ಚಲನಚಿತ್ರೋತ್ಸವದಲ್ಲಿ ವಿನ್ಸೆಂಟ್ ಗ್ಯಾಲೋ ಅವರ ‘ದಿ ಬ್ರೌನ್ ಬನ್ನಿ’ಯನ್ನು ಈಬರ್ಟ್ ಅತಿ ಕಠಿಣವಾಗಿ ಖಂಡಿಸಿದಾಗ, ನಿರ್ದೇಶಕರಾದ ಗ್ಯಾಲೋ ಈಬರ್ಟ್ ಅವರ ಮೈಭಾರವನ್ನು ಹೀಯಾಳಿಸಿದರು. ತಾನು ಒಂದು ದಿನ ತೆಳ್ಳಗಾಗಬಹುದು, ಗ್ಯಾಲೋ ಮಾತ್ರ ಆ ಚಿತ್ರದ ನಿರ್ದೇಶಕರಾಗಿಯೇ ಉಳಿಯುತ್ತಾರೆ ಎಂಬುದು ಈಬರ್ಟ್ ಅವರ ಉತ್ತರದ ಸಾರ. ದೇಹದ ಮೇಲಿನ ನಿಂದೆಯನ್ನು ಮತ್ತೆ ಕೃತಿಯ ಕಡೆಗೆ ತಿರುಗಿಸಿದ ಈ ಜಾಣ್ಮೆ ನನಗೆ ಬಹಳ ಮೆಚ್ಚುಗೆಯಾದದ್ದು. ಇನ್ನೂ ಮೆಚ್ಚಬೇಕಾದದ್ದು ಮುಂದಿನದು: ಚಿತ್ರವನ್ನು ಸುಮಾರು 26 ನಿಮಿಷ ಕತ್ತರಿಸಿ ಮರುಸಂಕಲನ ಮಾಡಿದ ಮೇಲೆ, 2004ರಲ್ಲಿ ಈಬರ್ಟ್ ಅವರೇ ಅದಕ್ಕೆ ನಾಲ್ಕರಲ್ಲಿ ಮೂರು ನಕ್ಷತ್ರಗಳನ್ನು ಕೊಟ್ಟರು. ಹಾಗಾಗಿ, ಖಂಡನೆಯ ಜೊತೆಗೆ ಅದೇ ವಿಮರ್ಶಕರ ಪ್ರಶಂಸೆಯನ್ನೂ ಓದಿ. ಅವರು ಸಿನಿಮಾದಿಂದ ಏನನ್ನು ಬಯಸುತ್ತಾರೆಂದು ತಿಳಿಯದೆ ಅವರ ನಿರಾಶೆಯ ತೂಕ ತಿಳಿಯುವುದಿಲ್ಲ.

ಕೊನೆಗೆ, ಕನ್ನಡ ಮತ್ತು ಮಲಯಾಳ ಚಿತ್ರಗಳೆರಡನ್ನೂ ನೋಡುವ ನಮ್ಮವರು ಮಾಡಬಹುದಾದ ಅಭ್ಯಾಸವೊಂದಿದೆ. ನೀವು ನೋಡಿದ ಚಿತ್ರದ ಕಟು ವಿಮರ್ಶೆಯೊಂದನ್ನು ತೆಗೆದುಕೊಂಡು, ನಗಿಸುವ ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಚಿತ್ರಕಥೆ, ಸಂಕಲನ, ಅಭಿನಯಗಳಲ್ಲಿ ಯಾವ ದೋಷವನ್ನು ತೋರಿಸುತ್ತದೆಂದು ಬರೆಯಿರಿ. ಬರೆಯಲು ಏನೂ ಸಿಗದ ವಾಕ್ಯಗಳನ್ನು ಹೊಡೆದುಹಾಕಿ, ಉಳಿದವನ್ನು ಇನ್ನೊಮ್ಮೆ ನಿಧಾನವಾಗಿ ಓದಿ.