ಕುದಿವ ಆಮ್ಲದಲ್ಲಿ ಟೈಟಾನಿಯಂ: ತೂಕ ಹಾಕಿ ಪರೀಕ್ಷಿಸುವುದು ಹೇಗೆ?

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಆಮ್ಲದ ತೊಟ್ಟಿಗೆ ಟೈಟಾನಿಯಂ ತಗಡು ಕೊಳ್ಳುವವರ ಮುಂದೆ ಗ್ರೇಡ್ 2 ಮತ್ತು ಗ್ರೇಡ್ 7 ಎಂಬ ಎರಡು ಬಗೆಗಳನ್ನು ಇಟ್ಟರೆ, ಕಣ್ಣಿಗೆ ವ್ಯತ್ಯಾಸ ಕಾಣದು. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಮೊದಲನೆಯದು ಬೇರೆ ಲೋಹ ಬೆರೆಸದ ಟೈಟಾನಿಯಂ, ಎರಡನೆಯದರಲ್ಲಿ ಶೇ 0.12ರಿಂದ 0.25ರಷ್ಟು ಪಲ್ಲೇಡಿಯಂ (ಪ್ಲಾಟಿನಂ ಗುಂಪಿನ ದುಬಾರಿ ಲೋಹ) ಇರುತ್ತದೆ. ಇಷ್ಟರಿಂದ ಏನಾಗುತ್ತದೆಂಬುದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಅಳೆಯಬಹುದು.

ಎರಡೂ ಬಗೆಯಿಂದ 2 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ, 2 ಮಿ.ಮೀ. ದಪ್ಪದ ತುಂಡುಗಳನ್ನು ಕತ್ತರಿಸಿ, 600ರ ಎಮರಿ ಕಾಗದದಿಂದ ಉಜ್ಜಿ, ಅಸಿಟೋನ್‌ನಲ್ಲಿ ತೊಳೆದು ಒಣಗಿಸಿ, ಮಿಲಿಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿಯಲ್ಲಿ ತೂಗಿ. ಅನಂತರ ರಿಫ್ಲಕ್ಸ್ ಕಂಡೆನ್ಸರ್ (ಆವಿಯನ್ನು ತಣಿಸಿ ಮತ್ತೆ ಕೆಳಗಿಳಿಸುವ ಕೊಳವೆ) ಜೋಡಿಸಿದ ಎರಡು ಪ್ರತ್ಯೇಕ ಫ್ಲಾಸ್ಕ್‌ಗಳಲ್ಲಿ ಶೇ 5ರ ಹೈಡ್ರೊಕ್ಲೋರಿಕ್ ಆಮ್ಲವನ್ನು ಕುದಿಸಿ, ತುಂಡುಗಳನ್ನು ಗಾಜಿನ ಕೊಕ್ಕೆಯಿಂದ ಇಳಿಬಿಡಿ. ಉಕ್ಕಿನ ತಂತಿ ಖಂಡಿತ ಬೇಡ. ಅದು ಟೈಟಾನಿಯಂಗೆ ತಗುಲಿದರೂ ಆಮ್ಲದಲ್ಲಿ ಕರಗಿದರೂ ಫಲಿತಾಂಶ ಕೆಡುತ್ತದೆ.

ಗ್ರೇಡ್ 2 ಇರುವ ಫ್ಲಾಸ್ಕ್‌ನಲ್ಲಿ ಮೇಲ್ಮೈಯ ಆಕ್ಸೈಡ್ ಪದರ ಕರಗಿದ ಮೇಲೆ ಗುಳ್ಳೆಗಳೇಳುತ್ತವೆ, ದ್ರವ ನಿಧಾನವಾಗಿ ನೇರಳೆಗೆ ತಿರುಗುತ್ತದೆ. ಆ ಬಣ್ಣ ಕರಗಿದ ಟೈಟಾನಿಯಂನದು. ಗ್ರೇಡ್ 7ರ ದ್ರವದಲ್ಲಿ ಬಣ್ಣ ಅಷ್ಟಾಗಿ ಏರುವುದಿಲ್ಲ. ಪಲ್ಲೇಡಿಯಂ ಟೈಟಾನಿಯಂ ಅನ್ನು ಮುಚ್ಚಿ ಕಾಪಾಡುತ್ತದೆಂದು ಹಲವರು ಭಾವಿಸುತ್ತಾರಾದರೂ ನಡೆಯುವುದು ಬೇರೆಯೇ: ಟೈಟಾನಿಯಂ ಸ್ವಲ್ಪ ಕರಗಿದಾಗ ಮೇಲ್ಮೈಯಲ್ಲಿ ಉಳಿದು ಸಾಂದ್ರವಾಗುವ ಪಲ್ಲೇಡಿಯಂ, ಹೈಡ್ರೋಜನ್ ಬಿಡುಗಡೆಯನ್ನು ಸುಲಭಗೊಳಿಸಿ, ಲೋಹದ ವಿದ್ಯುತ್ ವಿಭವವನ್ನು (ವೋಲ್ಟೇಜ್) ಮೇಲಕ್ಕೆ ತಳ್ಳುತ್ತದೆ, ಆ ಮಟ್ಟದಲ್ಲಿ ಟೈಟಾನಿಯಂ ತನ್ನ ಆಕ್ಸೈಡ್ ಪದರವನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಈ ತತ್ತ್ವವನ್ನು 1950ರ ದಶಕದಲ್ಲಿಯೇ ಸಂಶೋಧಕರಾದ ಸ್ಟರ್ನ್ ಮತ್ತು ವಿಸೆನ್‌ಬರ್ಗ್ ತೋರಿಸಿದ್ದರು.

24 ಗಂಟೆಗಳ ನಂತರ ತೊಳೆದು, ಒಣಗಿಸಿ, ಮತ್ತೆ ತೂಗಿ. ತೂಕನಷ್ಟವನ್ನು (ಗ್ರಾಂ) 87,600ರಿಂದ ಗುಣಿಸಿ, ಎಲ್ಲ ಮುಖಗಳ ಒಟ್ಟು ವಿಸ್ತೀರ್ಣ (ಚದರ ಸೆಂ.ಮೀ.), ಗಂಟೆ ಮತ್ತು 4.51 ಸಾಂದ್ರತೆಗಳ ಗುಣಲಬ್ಧದಿಂದ ಭಾಗಿಸಿದರೆ ವರ್ಷಕ್ಕೆ ಎಷ್ಟು ಮಿ.ಮೀ. ಸವೆಯುತ್ತದೆಂಬುದು ಸಿಗುತ್ತದೆ. 9.6 ಚದರ ಸೆಂ.ಮೀ. ತುಂಡು 0.1 ಗ್ರಾಂ ಕಳೆದುಕೊಂಡಿತೆನ್ನಿ, ವರ್ಷಕ್ಕೆ ಸುಮಾರು 8.4 ಮಿ.ಮೀ. ಆಯಿತು!

ಆದರೆ ಹೈಡ್ರೊಫ್ಲೋರಿಕ್ ಆಮ್ಲದ ಮುಂದೆ ಪಲ್ಲೇಡಿಯಂನ ಆಟ ನಡೆಯದು. ಈ ಪ್ರಯೋಗಕ್ಕೆ ಅದನ್ನು ಮುಟ್ಟಲೂಬೇಡಿ. ಇನ್ನು ಖರ್ಚಿನ ಮಾತು: ಶೇ 0.04ರಿಂದ 0.08ರಷ್ಟು ಪಲ್ಲೇಡಿಯಂ ಇರುವ ಗ್ರೇಡ್ 16 ಕೂಡ ಸಿಗುತ್ತದೆ. ತೊಟ್ಟಿಯ ಆಮ್ಲದಲ್ಲಿ ಅಲ್ಪಸ್ವಲ್ಪ ಫೆರಿಕ್ ಅಯಾನುಗಳಿದ್ದರೆ (ಕರಗಿದ ಕಬ್ಬಿಣದ ಒಂದು ರೂಪ) ಗ್ರೇಡ್ 2 ಕೂಡ ತಡೆಯಬಹುದಾದ್ದರಿಂದ, ದುಬಾರಿ ತಗಡಿಗೆ ಆರ್ಡರ್ ಕೊಡುವ ಮುನ್ನ ಆ ತೊಟ್ಟಿಯ ಆಮ್ಲದಲ್ಲಿಯೇ ಇನ್ನೊಮ್ಮೆ ಪರೀಕ್ಷಿಸುವುದು ಲೇಸು.