ಫೋನಿನಲ್ಲೇ ಆರು ನಿಮಿಷದ ಪಾಠ: ಮೊದಲು ದನಿ, ಆಮೇಲೆ ಚಿತ್ರ

ಪಾಠದ ವಿಡಿಯೊ ಮಾಡುವ ಮೇಷ್ಟ್ರು, ಟೀಚರ್‌ಗಳಿಗೆ ನಮ್ಮ ಕೊಡಗಿನಲ್ಲಿ ಬರವಿಲ್ಲ. ಅಂಥ ಎಷ್ಟೋ ವಿಡಿಯೊ ನೋಡಿದ್ದೇನೆ. ಹೆಚ್ಚಿನವುಗಳ ಕಾಯಿಲೆ ಒಂದೇ. ಚಿತ್ರ ಫಳಫಳ ಅನ್ನುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ. ಶೀಟಿನ ಮೇಲೆ ಮಳೆ ಬಡಿಯುತ್ತಿರುತ್ತದೆ. ಇಲ್ಲವೇ ಪಕ್ಕದ ತೋಟದಲ್ಲಿ ವೀಡ್ ಕಟರ್ ಕಿರುಚುತ್ತಿರುತ್ತದೆ. ಹಿಂದಿನ ಬೆಂಚಿನ ಮಕ್ಕಳು ಎರಡು ನಿಮಿಷ ಕಿವಿ ಕೊಡುತ್ತಾರೆ, ಆಮೇಲೆ ತಮ್ಮ ಪಾಡಿಗೆ ಹರಟೆಗೆ ಇಳಿಯುತ್ತಾರೆ. ಇದಕ್ಕೆ ಮದ್ದು ಅಂತ ಹೊಸ ಫೋನ್ ಕೊಂಡವರೂ ಇದ್ದಾರೆ. ಫೋನಿನದೇನೂ ತಪ್ಪಿಲ್ಲ.

ಈಗ ಇರುವ ಫೋನಿನಲ್ಲೇ ಒಂದು ಪಾಠ ತಯಾರಿಸಿ, ನೆಟ್‌ವರ್ಕ್ ಇಲ್ಲದ ತರಗತಿಯಲ್ಲಿ ತೋರಿಸುವುದು ಹೇಗೆ ಅಂತ ನೋಡೋಣ. ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಕಾಫಿ ಹೂವನ್ನೇ ಇಟ್ಟುಕೊಳ್ಳೋಣ.

ಹಂತ 1: ವಿಡಿಯೊ ಬೇಕೇ ಅಂತ ಕೇಳಿಕೊಳ್ಳಿ

ಪಠ್ಯಪುಸ್ತಕದಲ್ಲಿ ಚೌಕಾಕಾರದ ಕ್ಯೂಆರ್ ಕೋಡ್ ಇದ್ದರೆ ಮೊದಲು ಅದನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿ. 2017ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ವ್ಯವಸ್ಥೆ ಇದು. ಸಿಗ್ನಲ್ ಇರುವ ಕಡೆ ಡೌನ್‌ಲೋಡ್ ಮಾಡಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ಓಡುತ್ತದೆ. ವಿದ್ಯುತ್ ಸರ್ಕ್ಯೂಟ್, ಬಲ, ಭಿನ್ನರಾಶಿ ಇಂಥವಕ್ಕೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ‘ಫೆಟ್’ ಪ್ರಯೋಗಗಳಿವೆ. ಪುಕ್ಕಟೆ, ಹಲವು ಕನ್ನಡದಲ್ಲೂ ಇವೆ. ಅಲ್ಲಿ ಚೆನ್ನಾಗಿರುವುದು ಸಿಕ್ಕರೆ ನೀವು ಮತ್ತೆ ಮಾಡುವ ಉಸಾಬರಿ ಯಾಕೆ?

ತರಗತಿಗೆ ತರಲಾಗದ್ದನ್ನು, ನಮ್ಮೂರಿನದ್ದನ್ನು ಮಾತ್ರ ನೀವು ಮಾಡಿ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆಗ ಶಾಲೆಯಲ್ಲಿ ಪರೀಕ್ಷೆ, ಇಲ್ಲವೇ ರಜೆ. ಪರಾಗಸ್ಪರ್ಶದ ಪಾಠ ಬರುವ ಹೊತ್ತಿಗೆ ಗಿಡದಲ್ಲಿ ಹೂ ಇರುವುದಿಲ್ಲ, ಹಸಿರು ಕಾಯಿ ಇರುತ್ತದೆ. ಇಲ್ಲಿ ವಿಡಿಯೊಗೆ ನಿಜವಾದ ಕೆಲಸವಿದೆ.

ಒಂದು ವಿಡಿಯೊಗೆ ಒಂದೇ ಪ್ರಶ್ನೆ. ‘ಪರಾಗಸ್ಪರ್ಶ ಮತ್ತು ಅದರ ವಿಧಗಳು’ ಅಂತ ಇಟ್ಟುಕೊಂಡರೆ ಕೆಟ್ಟಿತು. ‘ಅರೇಬಿಕಾ ಕಾಫಿ ತೋಟಕ್ಕಿಂತ ರೊಬಸ್ಟಾ ಕಾಫಿ ತೋಟಕ್ಕೆ ಜೇನು ಜಾಸ್ತಿ ಬೇಕು, ಯಾಕೆ?’ ಅಂತ ಇಟ್ಟುಕೊಳ್ಳಿ. ಅರೇಬಿಕಾ ಹೂವಿಗೆ ತನ್ನದೇ ಪರಾಗ ಸಾಕು. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಅದನ್ನು ಗಾಳಿಯೋ ಜೇನೋ ತರಬೇಕು. ಸ್ವಕೀಯ, ಪರಕೀಯ ಪರಾಗಸ್ಪರ್ಶ ಎರಡೂ ಇದರೊಳಗೇ ಬಂದುಬಿಟ್ಟವು.

ಹಂತ 2: ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ

ಆರು ನಿಮಿಷ ದಾಟಬೇಡಿ. ಇದು ನನ್ನ ಹಟ ಮಾತ್ರ ಅಲ್ಲ. ಎಡ್‌ಎಕ್ಸ್ ಆನ್‌ಲೈನ್ ಕೋರ್ಸ್‌ಗಳಲ್ಲಿ ವಿಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು 2014ರಲ್ಲಿ ಸಂಶೋಧಕರು ಪರಿಶೀಲಿಸಿದ್ದರು. ವಿಡಿಯೊ ಎಷ್ಟೇ ಉದ್ದವಿರಲಿ, ಜನ ಮನಸ್ಸಿಟ್ಟು ನೋಡಿದ್ದು ಸುಮಾರು ಆರು ನಿಮಿಷದ ಒಳಗೆ. ಅವರು ತಾವಾಗಿಯೇ ಸೇರಿಕೊಂಡು ಕಲಿಯುತ್ತಿದ್ದವರು. ನಮ್ಮ ಏಳನೇ ಕ್ಲಾಸಿನ ಮಕ್ಕಳಿಂದ ಅದಕ್ಕಿಂತ ಜಾಸ್ತಿ ಕೇಳುವುದು ನ್ಯಾಯವಲ್ಲ.

ಪುಸ್ತಕದ ವಾಕ್ಯಗಳನ್ನು ಹಾಗೇ ಇಳಿಸಬೇಡಿ, ಮಾತಾಡುವ ಹಾಗೆ ಬರೆಯಿರಿ. ಐನೂರು ಪದ ಸಾಕು.

ಹಂತ 3: ಚಿತ್ರ ತೆಗೆಯಿರಿ

ಫೋನ್ ಅಡ್ಡ ಹಿಡಿಯಿರಿ, ಬೆಳಗಿನ ಬೆಳಕಿನಲ್ಲಿ ತೆಗೆಯಿರಿ, ಕೈ ಅಲುಗಾಡದಂತೆ ಯಾವುದಕ್ಕಾದರೂ ಒರಗಿಸಿ. ಮೊಗ್ಗು ಬಿರಿಯುವುದನ್ನು ತೋರಿಸಬೇಕಾದರೆ ಫೋನ್ ಅನ್ನು ರೆಂಬೆಯೆದುರು ಸ್ಟ್ಯಾಂಡಿಗೆ ಕಟ್ಟಿ, ಟೈಮ್‌ಲ್ಯಾಪ್ಸ್ ಹಾಕಿ, ಪವರ್ ಬ್ಯಾಂಕ್ ಚುಚ್ಚಿ ಬಿಡಿ. ಹೂ ಎರಡು ಮೂರು ದಿನಕ್ಕೆ ಬಾಡುತ್ತದೆ, ನಾಳೆ ನೋಡೋಣ ಅಂದರೆ ಮುಂದಿನ ವರ್ಷವೇ ಗತಿ. ಹೂವಿನ ಮೇಲೆ ತುಡುವೆ ಜೇನು ಕೂತಿರುವ ಅರ್ಧ ನಿಮಿಷ ಸಿಕ್ಕರೆ ಬಂಪರ್. ಹತ್ತಿರದಲ್ಲಿ ಹೆಜ್ಜೇನು ಕಟ್ಟಿದ್ದರೆ ಮಾತ್ರ ಆ ಕಡೆ ಸಾಹಸ ಬೇಡ.

ರಿಂಗ್ ಲೈಟ್ ಕೊಳ್ಳಬೇಡಿ. ಅದು ಮುಖ ಬೆಳಗಿಸುವ ಸಾಮಾನು. ಪಾಠದ ವಿಡಿಯೊದಲ್ಲಿ ನಿಮ್ಮ ಮುಖ ಆರಂಭದ ಹತ್ತು ಸೆಕೆಂಡ್ ಕಂಡರೆ ಧಾರಾಳವಾಯಿತು.

ಹಂತ 4: ದನಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಚಿತ್ರ ತೆಗೆಯುವಾಗಲೇ ಮಾತಾಡಬೇಡಿ. ಚಿತ್ರ ಬೇರೆ, ದನಿ ಬೇರೆ. ಚಿತ್ರ ಚೆನ್ನಾಗಿ ಬರಲಿ ಅಂತ ಫೋನನ್ನು ನಾಲ್ಕಡಿ ದೂರ ಇಡುತ್ತೀರಿ, ಅದರ ಮೈಕೂ ನಾಲ್ಕಡಿ ದೂರ ಹೋಗುತ್ತದೆ. ನಿಮ್ಮ ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಮೈಕಿಗೆ ನೇರವಾಗಿ ತಲುಪುವ ನಿಮ್ಮ ದನಿಯ ತೀವ್ರತೆ ನಾಲ್ಕು ಪಟ್ಟು ಆಗುತ್ತದೆ. ಮಾಡಿನ ಮೇಲಿನ ಮಳೆಯ ಸದ್ದು ಇದ್ದಷ್ಟೇ ಇರುತ್ತದೆ. ಗುಟ್ಟು ಇಷ್ಟೇ. ಮೈಕು ಬಾಯಿಂದ ಒಂದು ಗೇಣು ದೂರದಲ್ಲಿರಬೇಕು, ಅದಕ್ಕಿಂತ ದೂರ ಬೇಡ.

ಫೋನಿನಲ್ಲಿ ಬರುವ ವಾಯ್ಸ್ ರೆಕಾರ್ಡರ್ ಸಾಕು. ಮೈಕು ಇರುವುದು ಸಾಮಾನ್ಯವಾಗಿ ಕೆಳತುದಿಯಲ್ಲಿ, ಚಾರ್ಜರ್ ಚುಚ್ಚುವ ಕಿಂಡಿಯ ಪಕ್ಕದ ಸಣ್ಣ ತೂತು. ಅಲ್ಲಿಗೆ ಕವರ್ ಮುಚ್ಚಿಕೊಂಡಿದೆಯೇ ನೋಡಿ. ಆ ತುದಿ ನಿಮ್ಮ ಕಡೆಗಿರಲಿ. ಆದರೆ ಬಾಯಿಯ ನೇರಕ್ಕೆ ಬೇಡ, ಸ್ವಲ್ಪ ಕೆನ್ನೆಯ ಕಡೆಗೆ ಸರಿಸಿ. ನೇರಕ್ಕೆ ಇಟ್ಟರೆ ‘ಪರಾಗ’, ‘ಫಲ’, ‘ಬೀಜ’ ಅಂದಾಗೆಲ್ಲ ಉಸಿರು ತಾಗಿ ಢಬ್ ಅನ್ನುತ್ತದೆ. ಈ ಪಾಠದಲ್ಲಿ ಆ ಪದಗಳೇ ಜಾಸ್ತಿ ಅಲ್ವಾ? ಫ್ಲೈಟ್ ಮೋಡ್ ಹಾಕಿ, ಇಲ್ಲದಿದ್ದರೆ ಸರಿಯಾದ ಹೊತ್ತಿಗೇ ಫೋನ್ ಬರುತ್ತದೆ.

ಇನ್ನು ಜಾಗ. ಖಾಲಿ ತರಗತಿ ಸದ್ದಿಲ್ಲದೆ ಇರುತ್ತದೆ ಅಂತ ಅಲ್ಲಿ ಕೂರುವವರೇ ಹೆಚ್ಚು. ಬರೀ ಸಿಮೆಂಟ್ ಗೋಡೆ, ಟೈಲ್ಸ್ ನೆಲ ಇದ್ದರೆ ಮಾತು ತಿರುಗಿ ತಿರುಗಿ ಬಡಿಯುತ್ತದೆ. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಮಲಗುವ ಕೋಣೆಯೇ ಒಳ್ಳೆಯ ಸ್ಟುಡಿಯೊ. ಬೀರುವಿನ ಬಾಗಿಲು ತೆಗೆದು, ನೇತುಹಾಕಿದ ಬಟ್ಟೆಗಳ ಕಡೆ ಮುಖ ಮಾಡಿ ಮಾತಾಡಿ. ಮನೆಯವರು ನಗುತ್ತಾರೆ, ನಗಲಿ. ಮಳೆ ಇಲ್ಲದ ದಿನ ಗಾಜು ಏರಿಸಿದ ಕಾರು ಇನ್ನೂ ಚೆನ್ನ. ಮಳೆಯಲ್ಲಿ ಕಾರು ಬೇಡವೇ ಬೇಡ, ತಗಡಿನ ಮೇಲೆ ಹನಿ ಬಿದ್ದರೆ ಮುಗಿಯಿತು.

ಹೊತ್ತು ಯಾವುದು? ಸಂಜೆಗೆ ಜೀರುಂಡೆ, ಜೂನ್ ಬಂದರೆ ಕಪ್ಪೆ. ಹಗಲು ವೀಡ್ ಕಟರ್. ಭಾಗಮಂಡಲ, ಶಾಂತಳ್ಳಿ ಕಡೆಯವರಿಗೆ ಮಳೆಗಾಲದಲ್ಲಿ ಸುಮ್ಮನಿರುವ ಒಂದು ಗಂಟೆ ಸಿಗುವುದೇ ಕಷ್ಟ. ನನ್ನ ಮಾತು ಕೇಳುವುದಾದರೆ ಇಡೀ ವರ್ಷದ ದನಿಯನ್ನು ಬೇಸಿಗೆ ರಜೆಯಲ್ಲೇ ಮುಗಿಸಿಬಿಡಿ. ಆಗಲಿಲ್ಲವಾದರೆ ಶೀಟು, ಹೆಂಚಿನ ಮನೆ ಬಿಟ್ಟು ಆರ್‌ಸಿಸಿ ಮನೆಯ ಕೆಳಮಹಡಿಯ ಒಳಕೋಣೆ ಹುಡುಕಿ.

ರೆಕಾರ್ಡ್ ಒತ್ತಿದ ಮೇಲೆ ಹತ್ತು ಸೆಕೆಂಡ್ ಸುಮ್ಮನೆ ಕೂರಿ. ಆ ಕೋಣೆಯ ಮೌನ ರೆಕಾರ್ಡ್ ಆಗಲಿ. ಮುಂದೆ ಮಾತು ಕತ್ತರಿಸಿದ ಕಡೆ ತುಂಬಲು ಅದೇ ಬೇಕು. ಪೂರ್ತಿ ಸದ್ದಿಲ್ಲದ ತುಂಡು ಹಾಕಿದರೆ ಕೇಳುವವರಿಗೆ ಟಿವಿ ಕೆಟ್ಟ ಹಾಗೆ ಅನಿಸುತ್ತದೆ. ಆಮೇಲೆ ಶುರು ಮಾಡಿ. ನಡುವೆ ತಪ್ಪಿದರೆ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ, ಉಸಿರು ತಗೊಂಡು, ಆ ವಾಕ್ಯವನ್ನು ಮೊದಲಿನಿಂದ ಹೇಳಿ. ಎಡಿಟ್ ಮಾಡುವಾಗ ಚಪ್ಪಾಳೆಯ ಜಾಗದಲ್ಲಿ ದನಿಯ ಗೆರೆ ಉದ್ದ ಎದ್ದು ಕಾಣುತ್ತದೆ, ಅದರ ಹಿಂದಿನ ವಾಕ್ಯ ಕತ್ತರಿಸಿದರಾಯಿತು. ಅರ್ಧ ವಾಕ್ಯದಿಂದ ಮತ್ತೆ ಶುರು ಮಾಡಿದರೆ ಜೋಡಣೆ ಎಂದೂ ಕೂರುವುದಿಲ್ಲ.

ಮೈಕ್ ಕೊಳ್ಳುವ ಆಸೆ ಇದ್ದರೆ ತಂತಿಯ ಕಾಲರ್ ಮೈಕ್ ಕೊಳ್ಳಿ. ಅದರ ಪಿನ್ ನೋಡಿ: ಮೂರು ಕಪ್ಪು ಗೀರು ಇದ್ದರೆ ಫೋನಿನದು, ಎರಡೇ ಇದ್ದರೆ ಕ್ಯಾಮೆರಾದ್ದು. ಎರಡು ಗೀರಿನದ್ದನ್ನು ಫೋನಿಗೆ ಚುಚ್ಚಿದರೆ ಫೋನ್ ತನ್ನ ಸ್ವಂತ ಮೈಕಿನಲ್ಲೇ ರೆಕಾರ್ಡ್ ಮಾಡುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ದುಂಡು ತೂತೇ ಇಲ್ಲದ ಫೋನಾದರೆ ಟೈಪ್-ಸಿ ಮೈಕ್ ಬೇಕು. ಸೆರಗು, ಶಾಲು ಮೈಕಿಗೆ ಉಜ್ಜದಂತೆ ಪಿನ್ ಮಾಡಿ. ಅಗ್ಗದ ವೈರ್‌ಲೆಸ್ ಮೈಕ್‌ಗಳಲ್ಲಿ ಗದ್ದಲ ತೆಗೆಯುವ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಮಳೆಯ ಜೊತೆ ನಿಮ್ಮ ಅಕ್ಷರಗಳೂ ಹೋಗಿ, ಬಿಂದಿಗೆಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ‘ಆಮೇಲೆ ಆ್ಯಪ್‌ನಲ್ಲಿ ಸರಿ ಮಾಡೋಣ’ ಅನ್ನುವವರಿಗೂ ಇದೇ ಮಾತು.

ಪೂರ್ತಿ ರೆಕಾರ್ಡ್ ಮಾಡುವ ಮೊದಲು ಅರ್ಧ ನಿಮಿಷ ಮಾತಾಡಿ, ಅದನ್ನು ಶಾಲೆಯ ಟಿವಿಗೆ ಹಾಕಿ, ಕೊನೆಯ ಬೆಂಚಿನಲ್ಲಿ ಕೂತು ಕೇಳಿ. ಇಯರ್‌ಫೋನಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ಅದನ್ನು ನಂಬಬೇಡಿ.

ಹಂತ 5: ಜೋಡಿಸಿ

ಮೊದಲು ದನಿ ಹಾಸಿ, ಅದರ ಮೇಲೆ ಚಿತ್ರ ಕೂರಿಸಿ. ವಾಟರ್‌ಮಾರ್ಕ್ ಹಾಕದ ಯಾವ ಎಡಿಟಿಂಗ್ ಆ್ಯಪ್ ಆದರೂ ಆದೀತು. ಹಿನ್ನೆಲೆ ಸಂಗೀತ ಬೇಡ. ಕೊಳಲೂ ಬೇಡ. ನೀವು ಹೇಳುತ್ತಿರುವ ವಾಕ್ಯವನ್ನೇ ಪೂರ್ತಿ ಪರದೆಯ ಮೇಲೆ ಬರೆಯಬೇಡಿ. ಚಿತ್ರ ಓಡುತ್ತಿರುವಾಗ ಓದು ಒಂದು ಕಡೆ, ಕೇಳು ಒಂದು ಕಡೆ ಅಂದರೆ ಎರಡೂ ತಲೆಗೆ ಹೋಗುವುದಿಲ್ಲ ಅಂತ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ‘ಪರಾಗ’, ‘ಶಲಾಕಾಗ್ರ’ ಅಂತ ಹೊಸ ಪದಗಳನ್ನು ಬಾಣದ ಗುರುತಿನ ಜೊತೆ ಹಾಕಿ, ಸಾಕು.

ಹಂತ 6: ಟಿವಿಗೆ ಒಗ್ಗುವ ಫೈಲು

ಮನೆಯಲ್ಲಿ ಓಡಿದ್ದು ಶಾಲೆಯ ಟಿವಿಯಲ್ಲಿ ಓಡದೆ ಮುಖಭಂಗ ಆಗುವುದು ಇಲ್ಲಿ. ಹೊಸ ಫೋನುಗಳು ಜಾಗ ಉಳಿಸಲು ಎಚ್‌ಇವಿಸಿ ಅನ್ನುವ ಬಗೆಯಲ್ಲಿ ವಿಡಿಯೊ ತೆಗೆಯುವುದುಂಟು. ಹಳೆಯ ಟಿವಿ, ಪ್ರೊಜೆಕ್ಟರ್‌ಗಳಿಗೆ ಅದು ಓದಲು ಬರುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿ, ಕೊನೆಗೆ ಎಂಪಿ4, ಎಚ್.264, 720ಪಿ ಆಯ್ಕೆ ಮಾಡಿ ಸೇವ್ ಮಾಡಿ. ಸೆಕೆಂಡಿಗೆ 2 ಮೆಗಾಬಿಟ್ ಇಟ್ಟರೆ ಆರು ನಿಮಿಷಕ್ಕೆ ಸುಮಾರು 90 ಎಂಬಿ ಆಗುತ್ತದೆ. ಪೆನ್‌ಡ್ರೈವ್ ಫಾರ್ಮ್ಯಾಟ್ ಫ್ಯಾಟ್32 ಇರಲಿ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ, ಜೇನುನೊಣ ಕಪ್ಪು ಚುಕ್ಕೆಯಾಗುತ್ತದೆ. ಮಕ್ಕಳ ಮುಖ ಇರುವ ವಿಡಿಯೊವನ್ನು ಯೂಟ್ಯೂಬ್‌ಗೆ, ಗ್ರೂಪ್‌ಗಳಿಗೆ ಹಾಕಬೇಡಿ. ಈ ವಿಷಯದಲ್ಲಿ ರಿಯಾಯಿತಿ ಇಲ್ಲ.

ಹಂತ 7: ತೋರಿಸಿ, ಅಂದರೆ ನಿಲ್ಲಿಸಿ

ಪ್ಲೇ ಒತ್ತಿ ಸ್ಟಾಫ್ ರೂಮಿಗೆ ಹೋಗುವುದಾದರೆ ಇಷ್ಟೆಲ್ಲ ಕಷ್ಟ ಪಡಬೇಕಿರಲಿಲ್ಲ. ಪ್ರಶ್ನೆ ಬಂದ ಕೂಡಲೇ ನಿಲ್ಲಿಸಿ. ‘ಜೇನೇ ಇಲ್ಲದ ವರ್ಷ ಈ ಎರಡು ತೋಟಗಳಲ್ಲಿ ಏನಾದೀತು?’ ಉತ್ತರ ಬಾಯಲ್ಲಿ ಬೇಡ, ಚುರುಕಿನ ಇಬ್ಬರು ಕೂಗಿಬಿಡುತ್ತಾರೆ. ಎಲ್ಲರೂ ಬರೆಯಲಿ. ಪಕ್ಕದವರ ಜೊತೆ ಚರ್ಚೆ ಕೊಡವ ತಕ್ಕಿನಲ್ಲೋ, ಅರೆಭಾಷೆಯಲ್ಲೋ, ಮಲಯಾಳದಲ್ಲೋ, ಯರವ ಭಾಷೆಯಲ್ಲೋ ನಡೆಯಲಿ. ಉತ್ತರ ಮಾತ್ರ ಕನ್ನಡದಲ್ಲಿ ಬರಲಿ. ತೋಟದ ಲೈನ್ ಮನೆಯಿಂದ ಬರುವ ಮಗುವಿಗೆ ಈ ವಿಷಯದಲ್ಲಿ ನಿಮಗಿಂತ ಜಾಸ್ತಿ ಗೊತ್ತಿರಬಹುದು, ಮಾತಾಡಲು ಬಿಡಿ. ಆಮೇಲೆ ಮುಂದಕ್ಕೆ ಓಡಿಸಿ.

ಮುಗಿದ ಮೇಲೆ ‘ಇನ್ನೊಂದು ಸಲ ಹಾಕಿ ಸಾರ್’ ಅನ್ನುತ್ತಾರೆ. ಹಾಕಬೇಡಿ. ಪುಸ್ತಕ ಮುಚ್ಚಿಸಿ, ನೆನಪಿದ್ದಷ್ಟು ಬರೆಸಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿದ್ದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು.

ಕರೆಂಟ್ ಹೋಗುವುದು ಇದ್ದಿದ್ದೇ. ಚಾರ್ಜ್ ಆದ ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ರತಿ ಇರಲಿ. ಸ್ಪೀಕರ್ ಬ್ಯಾಟರಿಯದೇ ಇರಲಿ, ಟಿವಿಯ ಸ್ಪೀಕರ್ ಮೂವತ್ತು ಮಕ್ಕಳಿಗೆ ಸಾಲುವುದಿಲ್ಲ.

ಮಳೆ ರಜೆ ಕೊಟ್ಟ ದಿನಗಳಿಗೆ ಬರೀ ದನಿಯ ಫೈಲು ಪ್ರತ್ಯೇಕ ಮಾಡಿಟ್ಟುಕೊಳ್ಳಿ. ಸೆಕೆಂಡಿಗೆ 32 ಕಿಲೋಬಿಟ್ ಇಟ್ಟರೆ ಆರು ನಿಮಿಷಕ್ಕೆ ಒಂದೂವರೆ ಎಂಬಿ ಸಹ ಆಗುವುದಿಲ್ಲ. ಒಂದೇ ಗೀಟು ಸಿಗ್ನಲ್ ಇರುವ ಕಡೆಯೂ ಇಳಿಯುತ್ತದೆ. ಮನೆಗೆಲ್ಲ ಒಂದೇ ಫೋನ್ ಇದ್ದರೆ ಅಪ್ಪ ಕೆಲಸ ಮುಗಿಸಿ ಬಂದ ಮೇಲೆ ಕೇಳಲಿ. ಹಾಗಾಗಿ ‘ಇವತ್ತು ನಾಲ್ಕು ಗಂಟೆಯೊಳಗೆ ಉತ್ತರ ಕಳಿಸಿ’ ಅಂತ ಹಾಕಬೇಡಿ, ಶಾಲೆ ತೆರೆದ ದಿನ ತರಲಿ ಅನ್ನಿ. ಕತ್ತರಿಸದ ಮೂಲ ದನಿ, ಮೂಲ ಚಿತ್ರ ಎರಡನ್ನೂ ಅಳಿಸದೆ ಬೇರೆ ಪೆನ್‌ಡ್ರೈವ್‌ನಲ್ಲಿ ತರಗತಿ, ಪಾಠ, ವರ್ಷ ಬರೆದು ಇಡಿ. ಪಠ್ಯ ಬದಲಾದರೆ ಹೊಸ ದನಿ ಸೇರಿಸಿದರಾಯಿತು, ಹೂಮಳೆಗೆ ಕಾಯಬೇಕಾಗಿಲ್ಲ.