ಮಗ ತಲೆ ಚಚ್ಚಿಕೊಳ್ಳುತ್ತಿದ್ದಾಗ: ನನ್ನ ಅನುಭವ

ಮಗನಿಗೆ ಹನ್ನೊಂದು ತಿಂಗಳಿದ್ದಾಗ ಶುರುವಾಯಿತು. ರಾತ್ರಿ ಮಲಗಿಸಿದರೆ ಸಾಕು, ಎದ್ದು ಕೂತು ಮಂಚದ ಪಕ್ಕದ ಗೋಡೆಗೆ ತಲೆ ಹೊಡೆಯುತ್ತಿದ್ದ. ಟಕ್, ಟಕ್, ಒಂದೇ ಲಯ. ಅಳು ಇಲ್ಲ. ಹತ್ತು ನಿಮಿಷ ಹೀಗೆ ಹೊಡೆದುಕೊಂಡು ಹಾಗೇ ನಿದ್ದೆಗೆ ಜಾರುತ್ತಿದ್ದ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಗೋಡೆಗೆ ಹತ್ತಿ ಎಂಟಾಣೆ ಅಗಲದ ಕಲೆಯಾಗಿತ್ತು. ಅದನ್ನು ಕಂಡಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ.

"ಯಾರ್ದೋ ಕಣ್ ಬಿದ್ದದೆ ಕಣವ್ವ" ಎಂದು ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿದರು. ಮೊಮ್ಮಗನ ಮೇಲಿನ ಅಕ್ಕರೆ ಅದು, ನಾನು ಬೇಡ ಅನ್ನಲಿಲ್ಲ. ನೆಂಟರೊಬ್ಬರು ಹಠ ಅಂದರು, ಎರಡು ಬಿಗಿಯಿರಿ ಅಂದರು. ಒಂದು ದಿನ ಹೊಡೆದೂಬಿಟ್ಟೆ. ಅವತ್ತು ಮಗು ಇನ್ನೂ ಜೋರಾಗಿ ಚಚ್ಚಿಕೊಂಡಿತು. ಆಮೇಲೆ ಕೈ ಎತ್ತಿಲ್ಲ.

ಮಂಡ್ಯದಲ್ಲೇ ಮಕ್ಕಳ ಡಾಕ್ಟರಿಗೆ ಮೊಬೈಲಿನಲ್ಲಿ ವಿಡಿಯೊ ತೋರಿಸಿದೆವು. ಅವರು ತಲೆಗಿಂತ ಬೇರೆಯದನ್ನೇ ಹೆಚ್ಚು ಕೇಳಿದರು. ಹೆಸರು ಕರೆದರೆ ತಿರುಗುತ್ತಾನಾ? ಮುಖ ನೋಡಿ ನಗುತ್ತಾನಾ? ಕಲಿತದ್ದು ಯಾವುದಾದರೂ ಮರೆತುಹೋಗಿದೆಯಾ? ಎಲ್ಲ ಸರಿಯಿದೆ ಅಂದಾಗ ಧೈರ್ಯ ಹೇಳಿದರು: 6ರಿಂದ 9 ತಿಂಗಳ ಹೊತ್ತಿಗೆ ಎಷ್ಟೋ ಮಕ್ಕಳಲ್ಲಿ ಇದು ಶುರುವಾಗುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು, ಬಹುಪಾಲು 3-4 ವರ್ಷದೊಳಗೆ ತಾನಾಗಿ ನಿಲ್ಲುತ್ತದೆ. ಯಾವಾಗ, ಯಾಕೆ, ಎಷ್ಟು ಹೊತ್ತು ಅಂತ ಬರೆದಿಡಿ ಅಂದರು.

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಾ ಹೋದೆ. ಎಲ್ಲವೂ ಒಂದೇ ಚಚ್ಚುವಿಕೆ ಅಲ್ಲ ಅಂತ ಗೊತ್ತಾದದ್ದು ಆಗಲೇ.

ರಾತ್ರಿಯದು ಜೋಗುಳ. ಕಾಲು ಉದ್ದವಾಯಿತೆಂದು ಸೀರೆ ಜೋಲಿಯನ್ನು ಬಿಚ್ಚಿದ ವಾರದಲ್ಲೇ ಅದು ಶುರುವಾಗಿತ್ತು. ನಾವು ತೂಗುವುದು ನಿಲ್ಲಿಸಿದೆವು, ಅವನು ತನ್ನನ್ನು ತಾನೇ ತೂಗಿಕೊಂಡ ಅಂತ ನನಗೆ ಈಗಲೂ ಅನಿಸುತ್ತದೆ. ಮಂಚ ಬಿಟ್ಟು ನೆಲಕ್ಕೆ ಹಾಸಿಗೆ ಹಾಕಿ, ಗೋಡೆಯಿಂದ ಮೂರಡಿ ದೂರ ಮಲಗಿಸಿದೆ. ಸುತ್ತ ಜೋಡಿಸಿದ್ದ ದಿಂಬುಗಳನ್ನು ಡಾಕ್ಟರೇ ತೆಗೆಸಿದರು. ಅಷ್ಟು ಚಿಕ್ಕ ಮಗುವಿನ ಮುಖ ದಿಂಬಿಗೆ ಒತ್ತಿಕೊಂಡರೆ ಉಸಿರು ಕಟ್ಟುತ್ತದೆ. ಸಂಜೆ ಅವರಪ್ಪ ಕೂಸುಮರಿ ಹೊತ್ತು ಕುಣಿಸುತ್ತಿದ್ದರು. ಊಟವಾದ ಮೇಲೆ ದೀಪ ಸಣ್ಣ ಮಾಡಿ, ತೊಡೆಯ ಮೇಲೆ ಹಾಕಿಕೊಂಡು ಹದಿನೈದು ನಿಮಿಷ ತೂಗುತ್ತಿದ್ದೆ. ಒಂದೇ ಹೊತ್ತು, ಒಂದೇ ಕ್ರಮ.

ಹಗಲಿನದು ಸಿಟ್ಟು. ಒಂದೂವರೆ ವರ್ಷದ ಹೊತ್ತಿಗೆ ಅದು ಕಾಣಿಸಿಕೊಂಡಿತು. ಮೊಬೈಲ್ ಕಿತ್ತುಕೊಂಡರೆ ಮೊದಲು ನನ್ನ ಕಡೆ ನೋಡಿ, ಆಮೇಲೆ ನೆಲಕ್ಕೆ ಹಣೆ ಕುಟ್ಟುವನು. ನಾನು ಓಡಿಹೋಗಿ ಮೊಬೈಲನ್ನೇ ಕೊಡುತ್ತಿದ್ದೆ, ಕಲಿಸಿದ್ದು ನಾನೇ. ಆಮೇಲೆ ಮಾತಿಲ್ಲದೆ ಅವನ ಹಣೆಗೂ ನೆಲಕ್ಕೂ ಮಧ್ಯೆ ನನ್ನ ಅಂಗೈ ಇಡತೊಡಗಿದೆ. "ಸಿಟ್ಟು ಬಂತಾ ಮಗ?" ಅಷ್ಟೇ. ಮೊಬೈಲ್ ಕೊಡುತ್ತಿರಲಿಲ್ಲ. ಮೊದಲ ವಾರ ಹೆಚ್ಚೇ ಆಯಿತು, ಅತ್ತೆ ಕಣ್ಣಲ್ಲಿ ನೀರು. ಎರಡು ತಿಂಗಳಾದ ಮೇಲೆ ಒಂದು ದಿನ ಕುಟ್ಟುವ ಬದಲು ನನ್ನ ಕೈ ಹಿಡಿದೆಳೆದು "ಕ್ವಾಪ" ಅಂದ. ಆ ಮಾತು ಅಜ್ಜಿಯಿಂದ ಕಲಿತದ್ದು.

ಮೂರನೆಯದು ನೋವು. ಒಂದು ರಾತ್ರಿ ಲಯ ತಪ್ಪಿತ್ತು. ಚೀರುತ್ತಾ, ಎಡಗಿವಿ ಎಳೆದುಕೊಳ್ಳುತ್ತಾ ಹೊಡೆದುಕೊಳ್ಳುತ್ತಿದ್ದ, ಮೈ ಬಿಸಿ. ಪುಸ್ತಕದಲ್ಲಿ ಅಂಥದ್ದು ಹಿಂದೆ ಒಮ್ಮೆಯೂ ಇರಲಿಲ್ಲ. ಕಿವಿಯೊಳಗೆ ಸೋಂಕಾಗಿತ್ತು. ಔಷಧಿ ಬಿದ್ದ ಮೂರನೇ ದಿನಕ್ಕೆ ಆ ಬಗೆಯದು ನಿಂತಿತು.

ನಮ್ಮ ಬೀದಿಯ ಇನ್ನೊಂದು ಮಗುವಿನ ಕಥೆ ಬೇರೆ. ಅದು ಹಗಲೆಲ್ಲ ಗಾಯವಾಗುವಷ್ಟು ಚಚ್ಚಿಕೊಳ್ಳುತ್ತಿತ್ತು. ಕರೆದರೆ ತಿರುಗುತ್ತಿರಲಿಲ್ಲ, ಬಂದಿದ್ದ ಎರಡು ಮಾತೂ ನಿಂತುಹೋಗಿದ್ದವು. ಅಂಥದ್ದಕ್ಕೆ ಕಾಯಲೇಬಾರದು. ಅದರ ತಾಯಿಯನ್ನು ನಾನೇ ರೈಲು ಹತ್ತಿಸಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಅಲ್ಲಿ ಕಿವಿ ಕೇಳಿಸುವುದನ್ನೂ ಮಾತಿನ ಬೆಳವಣಿಗೆಯನ್ನೂ ಪರೀಕ್ಷೆ ಮಾಡುತ್ತಾರೆ. ಈಗ ಅಲ್ಲೇ ತರಬೇತಿ ನಡೆಯುತ್ತಿದೆ.

ನನ್ನ ಮಗನಿಗೆ ಮೂರು ವರ್ಷ ತುಂಬಿದೆ. ತುಂಬಾ ದಣಿದ ರಾತ್ರಿ ಈಗಲೂ ದಿಂಬಿನ ಮೇಲೆ ತಲೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತಾನೆ. ಬೆನ್ನ ಮೇಲೆ ಕೈ ಇಟ್ಟು ಸುಮ್ಮನೆ ಪಕ್ಕದಲ್ಲಿ ಮಲಗುತ್ತೇನೆ.